ಉಳಿದರ್ಧ ಸಾಕ್ಷಿ

ಪಂಪೇಶಣ್ಣಾ,

ಮಗು ಬದುಕುತ್ತದೆ ಎಂದಿರಿ. ಸತ್ತಳು.

ಆರಾಧನೆ ಮುಗಿದ ಕೂಡಲೇ ನಿಮ್ಮ ಓಮ್ನಿಯಲ್ಲಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ ಎಂದಿರಿ. ಓಮ್ನಿ ಊಟದ ಪಾತ್ರೆ ತರಲು ಹೋಯಿತು.

ಮಣ್ಣು ಮಾಡಿದ ದಿನ, ಅವಳ ಆ ವಿಡಿಯೊ ತೆಗೆಸಿಹಾಕುತ್ತೇನೆ ಎಂದಿರಿ. ಇವತ್ತು ಮುಂಜಾನೆಯೂ ಅದು ನನ್ನ ಮೊಬೈಲಿಗೆ ಬಂತು. ಕಳಿಸಿದವರು ಯಾರೋ ಗುರುತಿಲ್ಲದವರು. ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ಸಭೆಯಲ್ಲಿ ಎದ್ದು ಮಾತಾಡಬೇಕು, ಮೈಕ್ ಕೊಡಿ ಎಂದೆ. ಕೊಡುತ್ತೇನೆ ಎಂದಿರಿ. ಹೋದ ಭಾನುವಾರ ನಾನು ಎದ್ದು ನಿಂತೆ. ನೀವು ಕೀಬೋರ್ಡಿನವನಿಗೆ ಕಣ್ಸನ್ನೆ ಮಾಡಿ ಹಾಡು ಶುರುಮಾಡಿಸಿದಿರಿ.

ಹೀಗೆ ಬರೆಯುವುದನ್ನು ಕಲಿಸಿದವರು ನೀವೇ. ಸಂಡೂರಿನಲ್ಲಿ ಗಣಿ ಕೂಲಿಗಳ ಧರಣಿ ಟೆಂಟು, ಹಲ್ಲಿನ ಸಂದಿಗೂ ಹೊಕ್ಕ ಕೆಂಪು ದೂಳು. ಆಗ ನೀವು ಪಾಸ್ಟರ್ ಅಲ್ಲ, ಹಲಗೆ ಬಾರಿಸುವ ಪಂಪೇಶ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅದಿರು ಹೊರುತ್ತಿದ್ದ ದ್ಯಾಮಕ್ಕ. ನನ್ನ ಕೈಗೆ ಪೆನ್ನು ಕೊಟ್ಟು ಹೇಳಿದಿರಿ: “ಕರಪತ್ರ ಬರಿಯೋದು ಏನ್ ದೊಡ್ಡ ವಿದ್ಯೆ ಅಲ್ಲವ್ವಾ. ಮೊದ್ಲು ಅವ್ರು ಏನ್ ಕೊಡ್ತೀವಂದ್ರು ಬರಿ. ಏನ್ ಕೊಡ್ಲಿಲ್ಲ ಬರಿ. ಕಡೀಗೆ ಮತ್ತ ಯಾವತ್ತು, ಎಷ್ಟ್ ಹೊತ್ತಿಗೆ ಬರ್ತೀವಿ ಅನ್ನೋದು ಬರಿ. ನಡುವ ಅಳಬ್ಯಾಡ. ಅತ್ರ ಕಾಗದ ತೊಯ್ತೈತಿ, ಅವ್ರ ಎದಿ ತೊಯ್ಯಂಗಿಲ್ಲ.”

ನಡುವೆ ಅಳುವುದಿಲ್ಲ, ಅಣ್ಣ. ಅಳು ಬರುತ್ತಲೂ ಇಲ್ಲ. ನನ್ನ ಮಗಳು ಶಿಲ್ಪಶ್ರೀ ಹೋಗಿ ತಿಂಗಳಾಗುತ್ತ ಬಂತು, ಕಣ್ಣಲ್ಲಿ ಒಂದು ಹನಿ ಇಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸುರಿದರೂ ನೋಡುತ್ತ ನಿಲ್ಲುತ್ತೇನೆ. ಮೊನ್ನೆ ಶಾಲೆ ಬಿಡುವ ಹೊತ್ತಿಗೆ ಕಾಲು ತಾವೇ ಚಪ್ಪಲಿ ಮೆಟ್ಟಿಕೊಂಡವು. ಗೇಟಿನ ಹತ್ತಿರ ಬೇರೆ ತಾಯಂದಿರ ಜೊತೆ ನಿಂತುಬಿಟ್ಟಿದ್ದೆ. ಅವಳ ಮಿಸ್ಸು ನನ್ನನ್ನು ಕಂಡವರೇ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದರು. ಈ ಮಿಸ್ಸಿಗೇನಾಯಿತು ಅಂದುಕೊಂಡೆ. ಏನಾಗಿದೆ ಎಂಬುದು ಮನೆ ಬೀಗ ತೆಗೆಯುವಾಗ ಹೊಳೆಯಿತು.

ಕರಪತ್ರವನ್ನು ಗುಟ್ಟಾಗಿ ಹಂಚಬಾರದು ಎಂದೂ ನೀವೇ ಕಲಿಸಿದಿರಿ. ಆದ್ದರಿಂದ ಇದನ್ನು ನೀವೊಬ್ಬರೇ ಅಲ್ಲ, ಎಲ್ಲರೂ ಓದಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬುಧವಾರ ಜ್ವರ ಬಂತು. ಶುಕ್ರವಾರ ಡೆಂಗಿ ಎಂದರು. ನಮ್ಮ ಚಿತ್ತವಾಡ್ಗಿಯ ಓಣಿಗೆ ನಲ್ಲಿ ನೀರು ಬರುವುದು ಯಾವಾಗಲೋ ಒಮ್ಮೆ. ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಟ್ಟುಕೊಂಡು ನಾವು ನೀರನ್ನೂ ಸೊಳ್ಳೆಯನ್ನೂ ಒಟ್ಟಿಗೇ ಸಾಕುತ್ತೇವೆ. ಅಷ್ಟು ದೊಡ್ಡ ಡ್ಯಾಮನ್ನು ಮಗ್ಗುಲಲ್ಲಿಟ್ಟುಕೊಂಡು ಈ ಬಾಳು. ಅದರ ಬಗ್ಗೆ ಬೇರೆ ಕರಪತ್ರ ಬರೆಯುತ್ತೇನೆ, ಇವತ್ತು ನಿಮ್ಮ ಸರದಿ.

ಹುಡುಗಿಯಂಥ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು: “ಜ್ವರ ಇಳೀತಂತ ಖುಷಿ ಪಡಬ್ಯಾಡ್ರಿ ಅಮ್ಮಾರ. ಇಳಿದ ಮ್ಯಾಲಿನ ಒಂದೆರಡು ದಿನಾನ ಭಾಳ ಖರಾಬು. ಭಾನುವಾರ ಮುಂಜಾನೆ ಕರ್ಕೊಂಡ್ ಬರ್ರಿ, ಜ್ವರ ಇರಲಿ ಬಿಡಲಿ, ರಕ್ತ ನೋಡಬೇಕು. ಹೊಟ್ಟಿ ನೋವು ಅಂದ್ರ, ಕೈಕಾಲು ತಣ್ಣಗಾದ್ರ, ನಿಂತ ಕಾಲಾಗ ಓಡಿ ಬರ್ರಿ.” ನಾನು ತಲೆ ಆಡಿಸಿದೆ. ಆದರೆ ಜ್ವರ ಇಳಿಯುವುದೇ ಅಪಾಯ ಎಂಬ ಮಾತು ತಲೆಯೊಳಗೆ ಕೂರಬೇಕಲ್ಲ! ಹುಟ್ಟಿದಾಗಿನಿಂದ ನಮಗೆ ಗೊತ್ತಿರುವುದು ಒಂದೇ. ಜ್ವರ ಬಂತು ಅಂದರೆ ಕೆಟ್ಟದ್ದು, ಇಳಿಯಿತು ಅಂದರೆ ದೇವರು ದೊಡ್ಡವನು.

ಭಾನುವಾರ ಬೆಳಿಗ್ಗೆ ಹಣೆ ತಣ್ಣಗಿತ್ತು. ಮೊದಲು ಫೋನು ಮಾಡಿದ್ದು ನಿಮಗೆ. “ಸ್ತೋತ್ರ! ಸ್ತೋತ್ರ! ನೋಡಿದ್ಯಾ, ಕೇಳಿದ್ನಲ್ಲವ್ವಾ ಕರ್ತ! ಕೂಸಿನ್ನ ಕರ್ಕೊಂಡ್ ಬಾ. ಆಕಿ ಬಾಯಿಂದಾನ ಬರಲಿ ಸಾಕ್ಷಿ” ಎಂದಿರಿ. ನಮ್ಮ ಸಭೆಯ ಪದ್ಧತಿ ಅದು. ವಾಸಿಯಾದವರು ಮೊದಲ ಭಾನುವಾರವೇ ಎಲ್ಲರೆದುರು ನಿಂತು ಸಾಕ್ಷಿ ಹೇಳಬೇಕು, ತಡಮಾಡಿದರೆ ಸಿಕ್ಕ ಸ್ವಸ್ಥತೆ ಕೈಬಿಟ್ಟು ಹೋಗುತ್ತದೆ ಎಂಬ ಅಂಜಿಕೆ. ರಕ್ತ ಪರೀಕ್ಷೆ ಇದೆ ಅಂದೆ. “ನಾನ ಕರ್ಕೊಂಡ್ ಹೋಗ್ತೀನಿ ನಮ್ಮ ಗಾಡ್ಯಾಗ. ಕೊಟ್ಟಾತಗ ಮೊದ್ಲು ಒಂದ್ ಥ್ಯಾಂಕ್ಸ್ ಹೇಳಬೇಕೋ ಬ್ಯಾಡೋ?” ಎಂದಿರಿ. ನಾನು ಹೂಂ ಅಂದೆ. ಆ ಹೂಂ ನನ್ನ ಪಾಲು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಅವಳು ಸಾಕ್ಷಿ ಹೇಳಿದ ವಿಡಿಯೊವನ್ನು ಅಷ್ಟು ಜನಕ್ಕೆ ಕಳಿಸಿದಿರಲ್ಲ, ನೀವು ಅದನ್ನು ಕಡೆಯವರೆಗೆ ನೋಡಿದ್ದೀರಾ ಅಣ್ಣ? ನಾನು ನೋಡಿದ್ದೇನೆ. ಹಳದಿ ಫ್ರಾಕು, ಎರಡು ಜಡೆ. ಮೈಕ್ ಕೈಗೆ ಸಿಕ್ಕ ಕೂಡಲೇ ಅದಕ್ಕೆ ಉಫ್ ಅಂತ ಊದಿ “ಹಲೋ ಹಲೋ, ಮೈಕ್ ಟೆಸ್ಟಿಂಗ್” ಅನ್ನುತ್ತಾಳೆ. ಸಭೆಯೆಲ್ಲ ನಗುತ್ತದೆ. ನೀವೂ ನಕ್ಕು, “ಅವ್ವನಂಗ ಐತಿ ನೋಡ್ರಿ, ಹುಟ್ಟಾ ಭಾಷಣಗಾರ್ತಿ” ಅನ್ನುತ್ತೀರಿ. “ನನಗ ಜ್ವರ ಬಂದಿತ್ತು. ಯೇಸಪ್ಪ ಬಿಡಿಸಿದ. ಪಾಸ್ಟರ್ ಮಾಮ ಪ್ರಾರ್ಥನೆ ಮಾಡಿದ್ರು. ನಾಳಿಂದ ಸಾಲಿಗೆ ಹೋಗ್ತೀನಿ” ಅನ್ನುತ್ತಾಳೆ. ಚಪ್ಪಾಳೆ, ಹಲ್ಲೆಲೂಯ. ಎಲ್ಲರೂ ನೋಡುವುದು ಇಷ್ಟನ್ನು.

ನಾನು ನೋಡುವುದು ಅವಳ ಎಡಗೈಯನ್ನು. ಮೊದಲಿನಿಂದ ಕಡೆಯವರೆಗೆ ಅದು ಹೊಟ್ಟೆಯ ಮೇಲೆಯೇ ಇದೆ. ಒತ್ತಿ ಹಿಡಿದುಕೊಂಡಿದ್ದಾಳೆ. ಚಪ್ಪಾಳೆಯ ನಡುವೆ ಅವಳು ನನ್ನ ಕಡೆ ತಿರುಗಿ ಒಂದು ಮಾತು ಕೇಳುತ್ತಾಳೆ. “ಅವ್ವಾ, ಕುಂದ್ರಲಾ?” ಆ ಮಾತಿಗೂ ಜನ ನಕ್ಕರು. ಮುದ್ದಾಗಿ ಕೇಳಿತು ಮಗು ಅಂತ. ನಾನೂ ನಕ್ಕಿದ್ದೇನೆ. ವಿಡಿಯೊದ ಮೂಲೆಯಲ್ಲಿ ನನ್ನ ಹಲ್ಲು ಕಾಣುತ್ತದೆ.

ಆರಾಧನೆ ಮುಗಿದಾಗ ಓಮ್ನಿ ಇಲ್ಲ. ಊಟಕ್ಕೆ ಪಾತ್ರೆ ಸಾಲದೆ ತರಲು ಹೋಗಿತ್ತು. ಆಟೊ ಹಿಡಿಯುತ್ತೇನೆ ಎಂದು ಎದ್ದೆ. “ಕುಂದ್ರವ್ವಾ, ಗಾಡಿ ಬಂದ ಬಿಡ್ತೈತಿ, ಕೂಸಿಗೆ ಎರಡು ತುತ್ತು ಉಣ್ಸು” ಎಂದಿರಿ. ಈಗತಾನೇ ವಾಸಿಯಾಯಿತೆಂದು ಸಾಕ್ಷಿ ಹೇಳಿದ ಮಗುವನ್ನು ಆಟೊದಲ್ಲಿ ದವಾಖಾನೆಗೆ ಓಡಿಸಿದರೆ ಇಷ್ಟು ಜನ ಏನಂದುಕೊಂಡಾರು? ಆ ಅಳುಕು ನಿಮ್ಮ ಮುಖದಲ್ಲಿತ್ತು. ನನ್ನ ಮುಖದಲ್ಲೂ ಇತ್ತು. ಬಂದವರೆಲ್ಲ ಅವಳ ತಲೆಯ ಮೇಲೆ ಕೈಯಿಟ್ಟು ಹೋಗುತ್ತಿದ್ದರು. ಪಲಾವನ್ನು ಅವಳು ಮುಟ್ಟಲಿಲ್ಲ. ನನ್ನ ತೊಡೆಯ ಮೇಲೆ ಮಲಗಿ, “ಅವ್ವಾ, ನೀರಾಗ ನಿಂತಂಗ ಆಗಾಕತ್ತೈತಿ” ಅಂದಳು. ಪಾದ ಮುಟ್ಟಿದೆ. ಮಂಜಿನಂತೆ ತಣ್ಣಗಿದ್ದವು.

ಆಗ ಓಡಿದೆ, ಆಟೊದಲ್ಲೇ. ಇಲ್ಲಿ ಆಗುವುದಿಲ್ಲ, ಬಳ್ಳಾರಿಗೆ ಒಯ್ಯಿರಿ ಎಂದರು ದವಾಖಾನೆಯವರು. ಆಂಬುಲೆನ್ಸು ತೋರಣಗಲ್ಲು ದಾಟುವಾಗ ಹೊತ್ತು ಮುಳುಗುತ್ತಿತ್ತು. ನನ್ನ ಗಂಡ ಹುಸೇನಪ್ಪ ಅಲ್ಲಿಯ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೂಲಿ ಎಂಬುದು ನಿಮಗೆ ಗೊತ್ತು. ಸೆಕೆಂಡ್ ಶಿಫ್ಟು, ಫೋನು ಒಳಗೆ ಒಯ್ಯುವಂತಿಲ್ಲ. ನಾವು ಸೈರನ್ನು ಕೂಗಿಸಿಕೊಂಡು ಅವನ ಗೇಟಿನ ಮುಂದೆಯೇ ಹೋದೆವು. ಅವನು ಒಳಗೆ ಹೆಲ್ಮೆಟ್ಟು ಹಾಕಿಕೊಂಡು ಯಾರದೋ ಕಬ್ಬಿಣ ಕಾಯಿಸುತ್ತಿದ್ದ. ಮುಂದಿನ ಊರು ಬರುವ ಮೊದಲೇ ಜೊತೆಗಿದ್ದ ನರ್ಸು ನನ್ನ ಕೈಯಿಂದ ಅವಳ ಕೈ ಬಿಡಿಸಿದಳು. ಅಷ್ಟೇ. ಮುಂಜಾನೆ ವಾಸಿಯಾಗಿದ್ದಳು. ಹತ್ತೂವರೆಗೆ ಸಾಕ್ಷಿ ಹೇಳಿದಳು. ಸಂಜೆ ಇರಲಿಲ್ಲ.

ಮಣ್ಣು ಮಾಡುವಾಗ ನೀವು ಹೇಳಿದಿರಿ, ಕರ್ತನ ತೋಟಕ್ಕೆ ಒಂದು ಹೂವು ಬೇಕಾಗಿತ್ತು, ಕಿತ್ತುಕೊಂಡ ಅಂತ. ಆತನ ತೋಟದಲ್ಲಿ ಹೂವಿಗೆ ಬರವೇ, ಅಣ್ಣ? ನನ್ನ ಹಿತ್ತಲಲ್ಲಿದ್ದದ್ದು ಒಂದೇ ಗಿಡ, ಒಂದೇ ಹೂವು. ಮಾಲೀಕನ ಪರವಾಗಿ ಹೀಗೆ ಮಾತಾಡುವ ಮೇಸ್ತ್ರಿಗಳನ್ನು ಗಣಿಯಲ್ಲಿ ನಾವಿಬ್ಬರೂ ಕಂಡಿದ್ದೇವೆ. ಹಿಂದೆ ನಿಂತ ಹೆಂಗಸರು ಪಿಸುಗುಟ್ಟಿದ್ದೂ ಕಿವಿಗೆ ಬಿತ್ತು. “ನಂಬಿಕಿ ಸಾಲಲಿಲ್ಲ ಆಕಿಗೆ. ಸಾಕ್ಷಿ ಹೇಳಿ ಮತ್ತ ದವಾಖಾನಿಗೆ ಓಡಿದ್ಲಲ್ಲ.” ಕೇಳಿದಿರಾ? ತಡವಾಗಿ ಓಡಿದ್ದು ತಪ್ಪಲ್ಲವಂತೆ, ಓಡಿದ್ದೇ ತಪ್ಪಂತೆ!

ಇಷ್ಟಾದರೂ ನಾನು ಆ ಕರ್ತನನ್ನು ಬಿಟ್ಟಿಲ್ಲ. ಬಿಡು ಎಂದು ಹಳೆಯ ಸಂಗಾತಿಗಳು ಬಂದು ಹೇಳಿದರು. ಅವರಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮ ಹೋರಾಟ ಒಡೆದು ಚೂರಾದಾಗ ನೀವು ಕುಡಿತಕ್ಕೆ ಬಿದ್ದಿರಿ. ಆಮೇಲೆ ಎದ್ದು ಬಂದು, ಈಗ ಸಭೆ ನಡೆಯುವ ಆ ತಗಡಿನ ಶೆಡ್ಡಿನಲ್ಲಿ ಚಾಪೆ ಹಾಸಿ ನಮ್ಮನ್ನೆಲ್ಲ ಕರೆದಿರಿ. ಮೊದಲ ದಿನವೇ ದ್ರಾಕ್ಷಾರಸದ ಒಂದೇ ಬಟ್ಟಲು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟಿತು. ಯಾವ ಮನೆಯ ಅಂಗಳದಲ್ಲಿ ನನಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದರೋ ಆ ಮನೆಯ ಮಗ ನಾನು ಕುಡಿದ ಬಟ್ಟಲಿಗೆ ಬಾಯಿಟ್ಟು ಕುಡಿದ. ನಮ್ಮ ಅಷ್ಟೂ ಧರಣಿ ಮಾಡಲಾಗದ್ದನ್ನು ಆ ಬಟ್ಟಲು ಮಾಡಿತು. ಅದನ್ನು ನಾನು ಸುಳ್ಳು ಅನ್ನಲಾರೆ. ಈಗಲೂ ಉಣ್ಣುವ ಮೊದಲು ಕೈ ತಾವಾಗಿ ಜೋಡಿಸಿಕೊಳ್ಳುತ್ತವೆ. ಜೋಡಿಸಿಕೊಂಡು ಆತನನ್ನೇ ಬೈಯುತ್ತೇನೆ. ಎಲ್ಲಿದ್ದಿ? ಅಂಥ ಹೊತ್ತಿನಲ್ಲಿ ಎಲ್ಲಿ ಹೋಗಿದ್ದಿ? ತಮ್ಮ ಸತ್ತ ಮೇಲೆ ಬಂದ ಆತನನ್ನು ಊರ ಹೊರಗೇ ತಡೆದು, ತಡಮಾಡಿದೆಯಲ್ಲ ಎಂದು ಕೇಳಿದ ಬೈಬಲಿನ ಅಕ್ಕನ ಕತೆಯನ್ನು ನೀವೇ ನಮಗೆ ಹೇಳಿದ್ದಿರಿ. ಆತ ಅವಳಿಗೆ ನಂಬಿಕೆ ಸಾಲದು ಅನ್ನಲಿಲ್ಲ. ತೋಟ, ಹೂವು ಅನ್ನಲಿಲ್ಲ. ಆತನೂ ಅತ್ತ. ಆತ ಅತ್ತನಲ್ಲ ಅಣ್ಣ, ನೀವೇಕೆ ಅಳಲಿಲ್ಲ?

ಹುಸೇನಪ್ಪ ಒಂದು ದಿನವೂ ಸಭೆಯೊಳಗೆ ಕಾಲಿಟ್ಟವನಲ್ಲ. ನಮ್ಮನ್ನು ಬೈಕಿನಲ್ಲಿ ತಂದುಬಿಟ್ಟು, “ನಿಮ್ಮ ಸಾಹೇಬ್ರಿಗೆ ನಂದೂ ಒಂದ್ ನಮಸ್ಕಾರ ಹೇಳ್ರಿ” ಎಂದು ಚೇಷ್ಟೆ ಮಾಡಿ ಹೋಗುತ್ತಿದ್ದ. ಮಗಳು ಅದನ್ನೂ ನಿಜವೆಂದು ನಂಬಿ ಪ್ರಾರ್ಥನೆಯಲ್ಲಿ ಹೇಳುತ್ತಿದ್ದಳು, ಅಪ್ಪ ನಮಸ್ಕಾರ ಹೇಳ್ಯಾನ ಅಂತ. ಮಣ್ಣು ಮಾಡಿದ ಮೂರನೇ ದಿನ ಅವನು ಬಾಯಿಬಿಟ್ಟ. “ನಿನ್ನ ಯೇಸಪ್ಪನ ಮ್ಯಾಲೆ ನನಗ ಸಿಟ್ಟಿಲ್ಲ ದ್ಯಾಮಿ. ಆತ ಆ ದಿನ ದವಾಖಾನಿ ಬಾಗಿಲದಾಗ ನಿಮ್ಮ ದಾರಿ ಕಾಯ್ಕಂತ ಕುಂತಿದ್ನೇನೋ. ನೀವು ಆತನ್ನ ಶೆಡ್ಡಿನಾಗ ಹುಡುಕಿದ್ರಿ.” ಅಷ್ಟು ಹೇಳಿ ಡ್ಯೂಟಿಗೆ ಹೋದ.

ನಾನು ಇಷ್ಟರಲ್ಲೇ ಸುಮ್ಮನಾಗುತ್ತಿದ್ದೆನೇನೋ. ಹೋದ ಗುರುವಾರ ಕಂಪ್ಲಿಯಿಂದ ಫೋನು ಬಂತು.

“ಅಕ್ಕಾರ, ನೀವ ಏನ್ರಿ ಶಿಲ್ಪಶ್ರೀ ಅವ್ವಾರು? ನಾನು ಯಲ್ಲಕ್ಕ ಅಂತ್ರಿ. ನಿಮ್ಮ ಮಗಳ ಸಾಕ್ಷಿ ನೋಡಿ ಅತ್ತಬಿಟ್ನಿರಿ. ನನ್ನ ಮಗ ಓಬಳೇಶಗೂ ಅದ ಜ್ವರ ರೀ. ಇವತ್ತ ಮುಂಜಾನಿ ಮೈ ತಣ್ಣಗಾತು. ಡಾಕ್ಟರು ಬ್ಯಾಡ ಬ್ಯಾಡ ಅಂದ್ರೂ ಬಿಡಿಸ್ಕೊಂಡ್ ಬಂದ್ನಿರಿ ಮನಿಗೆ. ಭಾನುವಾರ ಅವನ ಕಡಿಂದಾನೂ ಸಾಕ್ಷಿ ಹೇಳಸ್ತೀನಿ. ಒಂದ್ ಮಾತು ನಿಮ್ಮ ಕೂಸಿನ ಕಡಿಂದ ಪ್ರಾರ್ಥನಿ ಮಾಡಸ್ರಿ. ಎಲ್ಲೈತ್ರಿ ಕೂಸು? ಫೋನ್ ಕೊಡ್ರಿ ಆಕಿಗೆ.”

ಫೋನ್ ಕೊಡ್ರಿ ಆಕಿಗೆ.

ಅಣ್ಣ, ನಾನು ಆ ಮಾತು ಕೇಳಿ ಮನೆಯೊಳಗೆ ತಿರುಗಿ ನೋಡಿದೆ. ಎಲ್ಲಿದ್ದಾಳೆ ಅಂತ ಹುಡುಕಿದೆ. ಗೋಡೆಯ ಮೊಳೆಗೆ ಹಳದಿ ಫ್ರಾಕು ತೂಗುತ್ತಿತ್ತು. ಅದನ್ನು ಕಂಡ ಮೇಲೆ ಕೇಳಿದೆ, “ಹುಡುಗ ಹೊಟ್ಟಿ ನೋವು ಅಂತಾನೇನು ಯಲ್ಲಕ್ಕಾ?” “ಹೂನ್ರಿ, ಸ್ವಲ್ಪ ಹಿಡಕೊಂಡಾನ್ರಿ. ಹಸಿವಿರಬೇಕು.” ನಾನು ಕಿರುಚಿದೆ. ಧರಣಿಯಲ್ಲೂ ಅಷ್ಟು ಕಿರುಚಿರಲಿಲ್ಲ. “ನನ್ನ ಮಗಳು ಸತ್ತಾಳ! ಆ ಸಾಕ್ಷಿ ಹೇಳಿದ ದಿನಾನ, ಸಂಜಿಕ ಸತ್ತಾಳ! ಫೋನ್ ಒಗಿ, ಹುಡುಗನ್ನ ಎತ್ಕೋ, ಓಡು!” ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು, ಓಡುವ ಸದ್ದು.

ಓಬಳೇಶ ಬದುಕಿದ. ಶನಿವಾರ ಅವಳೇ ಫೋನು ಮಾಡಿ ಹೇಳಿದಳು. ಇನ್ನೊಂದಷ್ಟು ಹೊತ್ತು ಆಗಿದ್ದರೆ ಕಷ್ಟವಿತ್ತಂತೆ. ಆಮೇಲೆ ನನ್ನ ನಂಬರು ಯಾರು ಕೊಟ್ಟರು ಎಂದು ಕೇಳಿದೆ. ವಿಡಿಯೊದ ಕೆಳಗಿದ್ದ ಸಭೆಯ ನಂಬರಿಗೆ ಮಾಡಿದ್ದಳಂತೆ. ಫೋನು ಎತ್ತಿದವರು ಪಾಸ್ಟರೇ ಅಂತೆ.

ನನ್ನ ನಂಬರು ಕೊಟ್ಟಿರಿ. ಮಗು ಸತ್ತಿದೆ ಎಂದು ಹೇಳಲಿಲ್ಲ.

ನಾನು ಗರಬಡಿದು ಕೂತದ್ದು ಆಗ. ಮಗಳು ಸತ್ತಾಗ ಬಡಿದ ಗರವೇ ಬೇರೆ, ಇದು ಬೇರೆ. ಅದು ಮೇಲಿನವನ ಕೈಯಿಂದ ಬಿದ್ದದ್ದೋ, ಸೊಳ್ಳೆಯ ಬಾಯಿಂದ ಬಿದ್ದದ್ದೋ, ಇವತ್ತಿಗೂ ತಿಳಿಯದು. ಇದು ನೀವು, ನನ್ನ ಅಣ್ಣ, ತಿಳಿದೂ ತಿಳಿದೂ ಹೊಡೆದದ್ದು. ಆ ಸಂಜೆಯೇ ನಿಮ್ಮ ಮನೆಗೆ ಬಂದೆ. ನೀವು ತಲೆ ಎತ್ತದೆ ಹೇಳಿದಿರಿ: “ಆ ಹೊತ್ತಿನಾಗ ಜ್ವರ ಇಳಿದಿದ್ದು ಖರೆ ಅಲ್ಲೇನವ್ವಾ? ಸಾಕ್ಷಿ ಸುಳ್ಳಲ್ಲ. ಕುಡಿಯೋದು ಬಿಟ್ಟು ಬಂದವ್ರು ಎಷ್ಟ್ ಮಂದಿ ಅದಾರ ಸಭ್ಯಾಗ. ಒಂದ್ ಸಾಕ್ಷಿ ಮುರಿದು ಬಿತ್ತಂದ್ರ ಅವ್ರು ನಾಳೇನ ಮತ್ತ ಬಾಟ್ಲಿಗೆ ಹೋಗ್ತಾರ.” ಅವರು ಎಂದಿರಿ, ಆದರೆ ಮೊದಲು ಬಾಟ್ಲಿ ಬಿಟ್ಟು ಬಂದವರು ನೀವೇ. ಯಾರ ಬಗ್ಗೆ ಹೇಳುತ್ತಿದ್ದೀರಿ ಎಂಬುದು ನನಗೆ ಗೊತ್ತಾಯಿತು. ನಿಮ್ಮ ಮೇಲೆ ಕರುಣೆ ಬಂತು. ಆ ಕರುಣೆಯಿಂದಲೇ, ನಾಳೆ ನನಗೆ ಮೈಕ್ ಕೊಡಿ, ನಾನೇ ಮೆತ್ತಗೆ ಹೇಳುತ್ತೇನೆ ಎಂದೆ. ಕೊಡುತ್ತೇನೆ ಎಂದಿರಿ. ಮರುದಿನ ಕೀಬೋರ್ಡು ಬಾರಿಸಿತು.

ಹೌದು, ಜ್ವರ ಇಳಿದದ್ದು ಖರೆ. ಆದರೆ ಅದು ಅರ್ಧ. ಎಡಗೈ ಹೊಟ್ಟೆಯ ಮೇಲಿದ್ದದ್ದೂ ಖರೆ, ಪಾದ ತಣ್ಣಗಾದದ್ದೂ ಖರೆ, ಆಂಬುಲೆನ್ಸೂ ಖರೆ. ನನ್ನ ಮಗಳ ಅರ್ಧ ಸಾಕ್ಷಿಯನ್ನು ಊರೂರಿಗೆ ಕಳಿಸಿದ್ದೀರಿ. ಅದು ಮನೆಮನೆಗೆ ಹೋಗಿ ಮಕ್ಕಳನ್ನು ದವಾಖಾನೆಯ ಮಂಚದಿಂದ ಇಳಿಸುತ್ತಿದೆ. ಮೈಕಿಗೆ ಉಫ್ ಅಂತ ಊದಿದ ನನ್ನ ಕೂಸಿನ ಬಾಯಿಂದ ಇನ್ನೊಂದು ಕೂಸಿನ ಸಾವು ಬರಬಾರದು. ಇದೊಂದೇ ನನ್ನ ಬೇಡಿಕೆ. ಉಳಿದರ್ಧವನ್ನು ನಾನು ಹೇಳಬೇಕು. ಅದನ್ನೂ ಅದೇ ಮೊಬೈಲಿನಲ್ಲಿ ಹಿಡಿಯಬೇಕು, ಮೊದಲರ್ಧ ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲೆಲ್ಲ ಕಳಿಸಬೇಕು. ಕೇಳಿ ಯಾರಾದರೂ ಕರ್ತನನ್ನು ಬಿಟ್ಟು ಹೋದರೆ ಹೋಗಲಿ. ಖರೆ ಕೇಳಿ ಓಡಿಹೋಗುವ ನಂಬಿಕೆ ಎಷ್ಟು ದಿನ ಬಾಳೀತು? ಮಗಳು ಸತ್ತ ಮೇಲೂ ಹೋಗದ ನಾನಿಲ್ಲವೇ?

ಯಲ್ಲಕ್ಕ ಓಬಳೇಶನನ್ನು ಕರೆದುಕೊಂಡು ಕಂಪ್ಲಿಯಿಂದ ಬರುತ್ತಾಳೆ. ಅವಳದೂ ಒಂದು ಸಾಕ್ಷಿ ಇದೆ. ಹುಸೇನಪ್ಪ ಶಿಫ್ಟು ಬದಲಿಸಿಕೊಂಡಿದ್ದಾನೆ. ಈ ಸಲ ಒಳಗೆ ಬರುತ್ತಾನಂತೆ, ನಮಸ್ಕಾರ ತಾನೇ ಹೇಳುತ್ತಾನಂತೆ. ಮೈಕ್ ಕೊಟ್ಟರೆ ಮೈಕಿನಲ್ಲಿ ಹೇಳುತ್ತೇನೆ. ಕೀಬೋರ್ಡು ಶುರುವಾದರೆ ನನ್ನ ಹತ್ತಿರವೂ ಒಂದು ವಾದ್ಯವಿದೆ. ದೀಕ್ಷಾಸ್ನಾನದ ಹಿಂದಿನ ದಿನ, ಇನ್ನು ಇದು ನನಗೆ ಬೇಡ ಎಂದು ನಮ್ಮ ಮನೆಯಲ್ಲಿ ಬಿಟ್ಟು ಹೋದಿರಲ್ಲ, ನಿಮ್ಮ ಹಲಗೆ. ಇವತ್ತು ಅಟ್ಟದಿಂದ ಇಳಿಸಿದೆ. ಬಿಸಿಲಿಗಿಟ್ಟಿದ್ದೇನೆ. ಚರ್ಮ ಬಿಗಿಯಾಗುತ್ತಿದೆ.

ಆದರೆ ಅದನ್ನು ಬಾರಿಸುವ ಕೈ ನನ್ನದಾಗುವುದು ಬೇಡ ಅಣ್ಣ. ನೀವು ನನ್ನ ಪಕ್ಕಕ್ಕೆ ಬಂದು ನಿಲ್ಲಿ. ನಾನು ಹೇಳುತ್ತ ಹೇಳುತ್ತ ಆ ಹೊಟ್ಟೆಯ ಮೇಲಿನ ಕೈಯ ಮಾತಿಗೆ ಬಂದಾಗ ನನಗೆ ಅಳು ಬಂದರೆ, ಬರಬೇಕು ಅದು, ಬಂದೇ ಬರಬೇಕು, ಆಗ ಮುಂದಿನ ಮಾತನ್ನು ನೀವು ಹೇಳಿ.

ಅತ್ತವನಾದ ಆ ಕರ್ತನು ನಿಮ್ಮ ನಾಲಿಗೆಗೆ ಖರೆಯನ್ನೂ ಕಣ್ಣಿಗೆ ನೀರನ್ನೂ ಕೊಡಲಿ.

ನಿಮ್ಮ ತಂಗಿ, ಶಿಲ್ಪಶ್ರೀಯ ಅವ್ವ,
ದ್ಯಾಮಕ್ಕ
ಚಿತ್ತವಾಡ್ಗಿ, ಹೊಸಪೇಟೆ

ಮತ್ತೆ ಬರುತ್ತೇವೆ: ಇದೇ ಭಾನುವಾರ, ಮುಂಜಾನೆ ಹತ್ತೂವರೆಗೆ, ಸಾಕ್ಷಿಯ ಹೊತ್ತಿಗೆ.